ಕಂಪೋಸರ್ ಕಾಲಂನಲ್ಲಿ ಏನ್ ಬರೀಲಿ? ಲಂಡನ್‌ನಲ್ಲಿ ನನ್ನ ಬ್ಲೂಸ್ ರೇಡಿಯೋ ಶೋ

ನಮ್ಮ ಸ್ಟೇಷನ್‌ನಲ್ಲಿ ಶೋ ಮುಗಿಸಿ ಹೆಡ್‌ಫೋನ್ ತೆಗೆದ ಮೇಲೆ ಒಂದು ಶೀಟ್ ತುಂಬಿಸಿ ಹೋಗಬೇಕು, ಹಾಡಿನ ಹೆಸರು, ಹಾಡಿದೋರು, ಬರೆದೋರು, ಎಷ್ಟು ನಿಮಿಷ ಎಷ್ಟು ಸೆಕೆಂಡು ಅಂತ ನಾಲ್ಕು ಕಾಲಂ. ಬೇರೆ ಶೋನವರೆಲ್ಲ ಹತ್ತು ನಿಮಿಷದಲ್ಲಿ ತುಂಬಿಸಿ ಲೈಟ್ ಆಫ್ ಮಾಡ್ಕೊಂಡು ಹೋಗ್ತಾರೆ. ನನಗೆ ಮೊದಮೊದಲು ಒಂದು ಗಂಟೆ ಹಿಡೀತಿತ್ತು, ಆ ಮೂರನೇ ಕಾಲಂನಿಂದಾಗಿ. ಯಾರು ಬರೆದಿದ್ದು ಅಂತ ನೋಡೋಕೆ ಹೋದ್ರೆ ಎಲ್‌ಪಿ ಮೇಲೆ ಒಂದು ಹೆಸರು, ಸಿಡಿ ಮೇಲೆ ಇನ್ನೊಂದು, ಆ್ಯಪ್‌ನಲ್ಲಿ ಮತ್ತೊಂದು. ಈಗ ಯೋಚನೆ ಮಾಡಿದ್ರೆ ನನ್ನ ಶೋ ಒಂದು ರೂಪಕ್ಕೆ ಬಂದಿದ್ದೇ ಆ ಕಾಲಂನಿಂದ, ಆದ್ರೆ ಅದು ಗೊತ್ತಾಗೋಕೆ ಆರು ತಿಂಗಳು ಬೇಕಾಯ್ತು.

ನಾನು ಹಾಸನದ ಕಡೆಯೋನು, ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್, ಪಶ್ಚಿಮ ಲಂಡನ್‌ನ ಈಲಿಂಗ್‌ನಲ್ಲಿ ಮನೆ. ಸಂಗೀತ ಕಲಿತೋನಲ್ಲ, ಗಿಟಾರ್ ಹಿಡಿಯೋಕೂ ಬರಲ್ಲ. 2003ರ ಏಪ್ರಿಲ್‌ನಲ್ಲಿ ಇಂಗ್ಲಿಷ್ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಿದ್ರಲ್ಲ, ಪ್ಯಾಲೇಸ್ ಗ್ರೌಂಡ್ಸ್‌ಗೆ, ಆಗ ರೂಮ್‌ಮೇಟ್ ಒಬ್ಬನ ಹತ್ರ ಎಕ್ಸ್ಟ್ರಾ ಟಿಕೆಟ್ ಇತ್ತು ಅಂತ ಹೋದೋನು ನಾನು, ಅವರ ಹಾಡು ಎರಡೇ ಎರಡು ಗೊತ್ತಿತ್ತು. ವಾಪಸ್ ಬಂದು ಅವರು ಎಲ್ಲಿಂದ ಬಂದ್ರು ಅಂತ ಹುಡುಕ್ತಾ ಹುಡುಕ್ತಾ ಹಳೇ ಬ್ರಿಟಿಷ್ ಬ್ಲೂಸ್‌ಗೆ ಬಿದ್ದೆ, ಅಂದ್ರೆ ಅಮೆರಿಕಾದ ಕಪ್ಪು ಜನರ ಬ್ಲೂಸ್ ಹಾಡುಗಳನ್ನ ಬ್ರಿಟನ್ನಿನ ಹುಡುಗರು ಎತ್ಕೊಂಡು ನುಡಿಸಿದ್ದು, ಅಲ್ಲಿಂದ ಎದ್ದಿಲ್ಲ.

ಹತ್ತು ವರ್ಷ ಆದ್ಮೇಲೆ ಕೆಲಸದ ಮೇಲೆ ಇಲ್ಲಿಗೆ ಬಂದು ಮನೆ ಮಾಡಿದ್ದು ಈಲಿಂಗ್‌ನಲ್ಲಿ, ಬಾಡಿಗೆ ನೋಡಿ ಮಾಡಿದ್ದು ಅಷ್ಟೇ, ಬ್ಲೂಸ್ ನೋಡಿ ಅಲ್ಲ. ಒಂದಿನ ಈಲಿಂಗ್ ಬ್ರಾಡ್‌ವೇ ಸ್ಟೇಷನ್‌ನಿಂದ ಹೊರಗೆ ಬಂದು ಎದುರಿಗೆ ಅಂಗಡಿಗಳ ಮಧ್ಯೆ ನೋಡ್ತೀನಿ, ಹೆಸರಾಂತ ಜಾಗಗಳಿಗೆ ಇಲ್ಲಿ ಹಾಕೋ ನೀಲಿ ಫಲಕ. ಬ್ಲೂಸ್ ನುಡಿಸ್ತಿದ್ದ ಅಲೆಕ್ಸಿಸ್ ಕಾರ್ನರ್, ಸಿರಿಲ್ ಡೇವಿಸ್ ಇಬ್ಬರೂ ಸೇರಿ 1962ರ ಮಾರ್ಚ್ 17ಕ್ಕೆ ಈಲಿಂಗ್ ಕ್ಲಬ್ ಶುರು ಮಾಡಿದ್ದು ಅಲ್ಲಿನ ನೆಲಮಾಳಿಗೆಯಲ್ಲಿ. ಅವರ ಬ್ಯಾಂಡ್ ಬ್ಲೂಸ್ ಇನ್ಕಾರ್ಪೊರೇಟೆಡ್‌ಗೆ ಡ್ರಮ್ಸ್ ಬಾರಿಸ್ತಿದ್ದೋನು ಚಾರ್ಲಿ ವಾಟ್ಸ್, ಬ್ರಯನ್ ಜೋನ್ಸ್‌ನನ್ನ ಮಿಕ್ ಜಾಗರ್ ಮತ್ತೆ ಕೀತ್ ರಿಚರ್ಡ್ಸ್ ಮೊದಲು ನೋಡಿದ್ದೂ ಅಲ್ಲೇ, ಈ ನಾಲ್ವರೂ ಮುಂದೆ ಸ್ಟೋನ್ಸ್‌ನಲ್ಲಿ. ಅದೇ ರೋಡಲ್ಲಿ ಸ್ವಲ್ಪ ಮುಂದೆ ಹ್ಯಾನ್‌ವೆಲ್‌ಗೆ ಹೋದ್ರೆ ಜಿಮ್ ಮಾರ್ಷಲ್‌ನ ಅಂಗಡಿ ಇದ್ದ ಜಾಗ, ಗಿಟಾರ್ ಸದ್ದು ಎತ್ತೋ ಮಾರ್ಷಲ್ ಆ್ಯಂಪ್ ಹುಟ್ಟಿದ್ದೂ ಅದೇ 1962ರಲ್ಲಿ. ನಾನು ದಿನಾ ಹಾಲು ತರೋಕೆ ಹೋಗೋ ದಾರಿ ಅದು! ನನ್ ಹೆಂಡ್ತಿಗೆ ಹೇಳಿದ್ರೆ "ಹೌದಾ, ಹಾಲು ತಂದ್ರಾ?" ಅಂದ್ಲು.

ರೇಡಿಯೋಗೆ ಬಂದಿದ್ದು ಲೈಬ್ರರಿಯಲ್ಲಿ ಅಂಟಿಸಿದ್ದ ಒಂದು ಚೀಟಿ ನೋಡಿ. ಇಲ್ಲಿ ಕಮ್ಯುನಿಟಿ ರೇಡಿಯೋಗೆ 2004ರಲ್ಲಿ ಕಾನೂನು ಬಂದು ಆಮೇಲೆ ಲೈಸೆನ್ಸ್ ಕೊಡೋಕೆ ಶುರು ಮಾಡಿದ್ರು, ಲಾಭ ಮಾಡೋ ಹಾಗಿಲ್ಲ, ಸುತ್ತಮುತ್ತ ಕೆಲವೇ ಕಿಲೋಮೀಟರ್ ಕೇಳಿಸುತ್ತೆ, ಮಿಕ್ಕಿದ್ದು ಆನ್‌ಲೈನ್. ನಮ್ಮದು ಒಂದು ಹಾಲ್‌ನ ಮೇಲಿನ ಎರಡು ರೂಮು, ಸಂಬಳ ಯಾರಿಗೂ ಇಲ್ಲ, ಟೀ ಪುಡಿ ಕೂಡ ಸರದಿ ಪ್ರಕಾರ ನಾವೇ ತರಬೇಕು. ಆರು ಸಂಜೆ ಟ್ರೈನಿಂಗ್ ಕೊಟ್ರು. ಸದ್ದು ಹೆಚ್ಚು ಕಮ್ಮಿ ಮಾಡೋ ಫೇಡರ್ ಹೇಗೆ ಎತ್ತೋದು ಇಳಿಸೋದು, ಮೈಕ್‌ಗೆ ಒಂದು ಗೇಣು ದೂರ ಕೂರೋದು, ಯಾವ ಮಾತು ಆಡಬಾರದು, ಹಾಡಲ್ಲಿ ಬೈಗುಳ ಇದ್ರೆ ಏನ್ ಮಾಡ್ಬೇಕು. ಹೇಳಿಕೊಟ್ಟೋರು ಎಪ್ಪತ್ತು ದಾಟಿದ ಇಂಗ್ಲಿಷ್ ಮನುಷ್ಯ, ಸ್ಟೇಷನ್ನಿನ ವೈರು ವೈರೂ ಗೊತ್ತು ಅವರಿಗೆ, ನಾನು ಮನಸ್ಸಲ್ಲಿ ಅವರಿಗೆ ತಾತ ಅಂತಲೇ ಕರೆಯೋದು, ಇಲ್ಲೂ ಹಾಗೇ ಕರೀತೀನಿ.

ಡೆಮೋ ರೆಕಾರ್ಡ್ ಮಾಡಿದ್ದು ಮನೆಯ ಬಟ್ಟೆ ಬೀರು ಒಳಗೆ ತಲೆ ಹಾಕಿ. ತಮಾಷೆ ಅಲ್ಲ, ಕೋಟು ಸ್ವೆಟರ್ ನೇತಾಕಿದ್ರೆ ಪ್ರತಿಧ್ವನಿ ಬರಲ್ಲ, ಸ್ಟುಡಿಯೋ ಇಲ್ದೋರು ಯಾರಾದ್ರೂ ಶುರು ಮಾಡೋದಾದ್ರೆ ದುಡ್ಡು ಖರ್ಚು ಮಾಡೋಕೆ ಮುಂಚೆ ಬೀರು ಬಾಗಿಲು ತೆಗೀರಿ. ನನ್ನ ಉಚ್ಚಾರಣೆ ಬಗ್ಗೆ ಭಯ ಇತ್ತು, ಇಂಗ್ಲಿಷರ ಬ್ಯಾಂಡ್ ಬಗ್ಗೆ ಇಂಗ್ಲಿಷರಿಗೇ ಹಾಸನದೋನು ಏನ್ ಹೇಳ್ತಾನೆ ಅಂತ. ತಾತ ಕೇಳಿ ಹೇಳಿದ್ದು ಇಷ್ಟೇ, ನಿನ್ನ ಉಚ್ಚಾರಣೆ ತೊಂದ್ರೆ ಇಲ್ಲ, ನೀನು ಓದ್ತಾ ಇದ್ದೀಯ ಅದು ತೊಂದ್ರೆ. ಕರೆಕ್ಟು. ನಾನು ಪೂರಾ ಬರ್ಕೊಂಡು ಓದ್ತಿದ್ದೆ, ವಾರ್ತಾ ಪ್ರಸಾರ ಥರ. ಈಗ ಒಂದು ಹಾಡಿಗೆ ಮೂರು ಪದ ಮಾತ್ರ ಚೀಟಿಯಲ್ಲಿ ಬರ್ಕೊಳ್ತೀನಿ, ಮಿಕ್ಕಿದ್ದು ಬಾಯಿಗೆ ಬಂದ ಹಾಗೆ.

ಗುರುವಾರ ರಾತ್ರಿ ಎಂಟರಿಂದ ಹತ್ತು ಸಿಕ್ತು. ಮೊದಲ ಆರು ತಿಂಗಳು ಶೋ ಕೆಟ್ಟದಾಗಿತ್ತು, ನಾಚಿಕೆ ಇಲ್ದೆ ಒಪ್ಕೊಳ್ತೀನಿ. ಫ್ರೀ ಬ್ಯಾಂಡಿನ 'ಆಲ್ ರೈಟ್ ನೌ', ಕ್ರೀಮ್‌ದು ಒಂದು, ಲೆಡ್ ಜೆಪ್ಪೆಲಿನ್‌ದು ಎರಡು, ಯಾರ್ಡ್‌ಬರ್ಡ್ಸ್, ಟೆನ್ ಇಯರ್ಸ್ ಆಫ್ಟರ್, ಮಧ್ಯೆ ಮಧ್ಯೆ ಈ ಬ್ಯಾಂಡ್ ಇಂಥಾ ಇಸವಿಯಲ್ಲಿ ಹುಟ್ಟಿತು ಇಂಥಾ ಇಸವಿಯಲ್ಲಿ ಒಡೆಯಿತು ಅಂತ ನಾನು. ಕೇಳೋರಿಗೆ ಅದೆಲ್ಲ ಮೊದಲೇ ಗೊತ್ತು, ಕೆಲವರು ಆ ಕ್ಲಬ್ಬುಗಳಲ್ಲಿ ನಿಂತು ಬೆವರಿದೋರು. ಒಬ್ರು ಅಮ್ಮ ಫೋನ್ ಮಾಡಿ, ನೀನು ಹೇಳಿದ ಕ್ಲಬ್ಬಲ್ಲಿ ಮೇಲ್ಛಾವಣಿಯಿಂದ ನೀರು ತೊಟ್ಟಿಕ್ಕೋದು ಕಣಪ್ಪ, ಅದನ್ನ ಹೇಳಲೇ ಇಲ್ಲ ಅಂದ್ರು. ಈಲಿಂಗ್ ಕ್ಲಬ್ ಬಗ್ಗೆ ಎಲ್ಲರೂ ಹೇಳೋದು ಅದೇ, ಜನರ ಉಸಿರಿನ ಹಬೆ ಮೇಲೇರಿ ಹನಿಯಾಗಿ ಬೀಳ್ತಿತ್ತಂತೆ, ಕರೆಂಟ್ ಗಿಟಾರ್ ಹಿಡಿದೋರಿಗೆ ಜೀವಭಯ. ನಾನು ಇಸವಿ ಹೇಳ್ತಾ ಕೂತಿದ್ದೆ, ಅವರಿಗೆ ಆ ಹನಿ ಬೇಕಿತ್ತು.

ಇನ್ನು ಅಮ್ಮನ ವಿಷಯ. ನನ್ನಮ್ಮ ಹಾಸನದಲ್ಲಿ, ಇಲ್ಲಿ ಚಳಿಗಾಲದ ಎಂಟು ಗಂಟೆ ಅಂದ್ರೆ ಅಲ್ಲಿ ರಾತ್ರಿ ಒಂದೂವರೆ, ಹಾಗಾಗಿ ರೆಕಾರ್ಡಿಂಗ್ ಕಳಿಸ್ತೀನಿ, ಬೆಳಿಗ್ಗೆ ಅವರೆಕಾಳು ಸುಲಿಯುವಾಗ ಹಾಕ್ಕೊಳ್ತಾಳೆ. ಅವಳದ್ದು ಭಜನಾ ಮಂಡಳಿ, ದಾಸರ ಪದ ನೂರಾರು ಬಾಯಿಗೆ ಬರುತ್ತೆ. ಒಂದಿನ ಫೋನಲ್ಲಿ "ಅಲ್ಲೋ, ನೀನು ಹೋದ ವಾರ ಹಾಕಿದ ಹಾಡು ಈ ವಾರ ಬೇರೆಯೋರು ಹಾಡಿದ್ರಲ್ಲ, ಅದು ಯಾರ್ದು?" ಅಂದ್ಲು. ಬ್ಲೂಸ್ ಹಂಗೇ ಅಮ್ಮ, ಒಂದೇ ಹಾಡು ಹತ್ತು ಜನ ಹಾಡ್ತಾರೆ ಅಂದೆ. "ಅದು ಸರಿ ಕಣೋ, ನಾವೂ ಹಾಡ್ತೀವಲ್ಲ, ಅಂಕಿತ ಯಾರ್ದು ಅಂತ ಕೇಳ್ದೆ" ಅಂದ್ಲು.

ಅಂಕಿತ! ದಾಸರ ಪದವನ್ನ ಯಾರು ಬೇಕಾದ್ರೂ ಹಾಡ್ಲಿ, ಯಾವ ರಾಗದಲ್ಲಾದ್ರೂ ಹಾಡ್ಲಿ, ಕೊನೆಗೆ ಪುರಂದರ ವಿಠಲ ಅಂತ ಬಂದೇ ಬರುತ್ತೆ, ಹಾಡಿನ ಒಳಗೇ ಹೊಲಿದುಬಿಟ್ಟಿದ್ದಾರೆ, ಬಿಚ್ಚೋಕಾಗಲ್ಲ. ವಚನಕ್ಕೂ ಹಾಗೆ. ಬ್ಲೂಸ್‌ಗೆ ಅದಿಲ್ಲ. ಮೂರು ಸಾಲಿನ ಪದ್ಯ ಅದು, ನಮ್ಮ ತ್ರಿಪದಿ ನೆನಪಾಗುತ್ತೆ, ಆದ್ರೆ ಮೊದಲ ಸಾಲನ್ನೇ ಎರಡು ಸಲ ಹೇಳಿ ಮೂರನೇದಕ್ಕೆ ತಿರುವು ಕೊಡ್ತಾರೆ, ಅಂಕಿತದ ಜಾಗದಲ್ಲಿ ಗಿಟಾರ್ ಉತ್ತರ ಕೊಡುತ್ತೆ. ಹೆಸರು ಇರೋದು ರೆಕಾರ್ಡಿನ ಮಧ್ಯದ ಕಾಗದದ ಮೇಲೆ, ಆ ಕಾಗದ ಪ್ರಿಂಟ್ ಮಾಡೋನು ಬೇರೆಯೋನು. ನನ್ನ ಶೀಟಿನ ಮೂರನೇ ಕಾಲಂ ಯಾಕೆ ಗಂಟೆಗಟ್ಟಲೆ ತಿನ್ನುತ್ತೆ ಅಂತ ಅವತ್ತು ಗೊತ್ತಾಯ್ತು, ಮುಂದಿನ ಗುರುವಾರದಿಂದ ಅದನ್ನೇ ಶೋ ಮಾಡ್ದೆ. ಬ್ರಿಟಿಷ್ ಬ್ಯಾಂಡಿನ ಹಾಡು ಒಂದು, ಅದರ ಮೂಲ ಒಂದು, ಮಧ್ಯೆ ಬರೆದೋರು ಯಾರು, ಆ ಹೆಸರು ಲೇಬಲ್ ಮೇಲೆ ಬಂತಾ ಇಲ್ವಾ.

ಮೊದಲ ಜೋಡಿ ಸ್ಟೋನ್ಸ್‌ದೇ. 1969ರ ಅವರ 'ಲೆಟ್ ಇಟ್ ಬ್ಲೀಡ್' ಆಲ್ಬಂನಲ್ಲಿ 'ಲವ್ ಇನ್ ವೇನ್' ಇದೆ, ಅದು ರಾಬರ್ಟ್ ಜಾನ್ಸನ್ನಿನ ಹಾಡು, ಅವನು 1938ರಲ್ಲೇ ತೀರಿಕೊಂಡೋನು. ಆವತ್ತಿನ ಎಲ್‌ಪಿಯಲ್ಲಿ ಬರೆದೋರ ಹೆಸರು ವುಡಿ ಪೇಯ್ನ್ ಅಂತ ಇದೆ. ಯಾರಪ್ಪ ಇವನು ಅಂತ ಹುಡುಕಿದ್ರೆ ಆ ಥರದ ಮನುಷ್ಯನೇ ಇಲ್ಲ, ಇಟ್ಟುಕೊಂಡ ಹೆಸರು. ಅದರ ಹಿಂದಿನ ವರ್ಷದ 'ಪ್ರಾಡಿಗಲ್ ಸನ್' ಮೇಲೆ ಜಾಗರ್ ರಿಚರ್ಡ್ಸ್ ಅಂತ ಪ್ರಿಂಟ್ ಆಗಿತ್ತು, ಅದು ರೆವರೆಂಡ್ ರಾಬರ್ಟ್ ವಿಲ್ಕಿನ್ಸ್ ಅನ್ನೋ ಪಾದ್ರಿಯದ್ದು. ಆದ್ರೆ ಅದೇ ಸ್ಟೋನ್ಸ್ 1964ರಲ್ಲಿ 'ಲಿಟಲ್ ರೆಡ್ ರೂಸ್ಟರ್' ಹಾಡಿ ಇಲ್ಲಿ ನಂಬರ್ ಒನ್‌ಗೆ ತಂದ್ರು, ಅಪ್ಪಟ ಚಿಕಾಗೋ ಬ್ಲೂಸು, ಅದಕ್ಕೆ ಬರೆದ ವಿಲ್ಲಿ ಡಿಕ್ಸನ್ ಹೆಸರು ಸರಿಯಾಗೇ ಇದೆ. ಮರುವರ್ಷ ಅಮೆರಿಕಾದ ಟಿವಿ ಶೋ ಒಂದಕ್ಕೆ ಕರೆದಾಗ ಆ ಹಾಡು ಮೊದಲು ಹಾಡಿದ್ದ ಹೌಲಿನ್ ವುಲ್ಫ್‌ನನ್ನೂ ಜೊತೆಗೇ ಕರ್ಕೊಂಡು ಹೋಗಿ ಅವನ ಕಾಲ ಬುಡದಲ್ಲಿ ಕೂತು ಕೇಳಿದ್ರು. ಒಳ್ಳೇದು ಕೆಟ್ಟದು ಎರಡೂ ಒಂದೇ ಬ್ಯಾಂಡಲ್ಲಿ, ಹಾಗಾಗಿ ಕಳ್ಳರು ಅಂತ ಸಾರಾಸಗಟಾಗಿ ಬೈಯೋಕೂ ಆಗಲ್ಲ.

ಇನ್ನೂ ಒಂದು ಗಂಟು ಇದೆ. ರೂಸ್ಟರ್ ಅಂದ್ರೆ ಹುಂಜ, ಆ ಹುಂಜದ ಮೇಲೆ ಡಿಕ್ಸನ್‌ಗಿಂತ ಮುಂಚೇನೇ 1929ರಲ್ಲಿ ಚಾರ್ಲಿ ಪ್ಯಾಟನ್ ಹಾಡು ರೆಕಾರ್ಡ್ ಮಾಡಿದ್ದಾನೆ. ಆ ಹುಂಜ ಎಷ್ಟು ಅಂಗಳ ಸುತ್ತಿ ಬಂದಿದೆಯೋ. ನಮ್ಮ ಜನಪದ ಹಾಡಿನ ಥರಾನೇ, ಒಂದು ಹಂತದ ಹಿಂದಕ್ಕೆ ಹೋದ್ರೆ ಅದು ಊರಿನ ಸ್ವತ್ತು. ನಾನು ಅದನ್ನೂ ರೇಡಿಯೋದಲ್ಲಿ ಹಾಗೇ ಹೇಳ್ತೀನಿ.

ಕ್ರೀಮ್ ಕಥೆ ನನಗಿಷ್ಟ. ಅವರ ಮೊದಲ ಆಲ್ಬಂ 1966ರಲ್ಲಿ, ಅದರಲ್ಲಿ 'ಐಯಾಮ್ ಸೋ ಗ್ಲ್ಯಾಡ್' ಇದೆ, 1931ರಲ್ಲಿ ಸ್ಕಿಪ್ ಜೇಮ್ಸ್ ಹಾಡಿದ್ದು. ಅವನ ಹೆಸರು ಹಾಕಿದ್ರು, ಬರೆದೋರಿಗೆ ಸಿಗೋ ರಾಯಲ್ಟಿ ದುಡ್ಡು ಅವನಿಗೆ ತಲುಪಿತು, ಆಗ ಅವನಿಗೆ ಕ್ಯಾನ್ಸರ್, ಚಿಕಿತ್ಸೆಗೆ ಆ ದುಡ್ಡು ಆಯ್ತು, 1969ರಲ್ಲಿ ತೀರಿಕೊಂಡ. ಜೆಪ್ಪೆಲಿನ್ ಕಥೆ ಉಲ್ಟಾ, 'ಹೋಲ್ ಲಾಟಾ ಲವ್' ತನ್ನ ಹಾಡಿಂದ ಎತ್ತಿದ್ದು ಅಂತ ಡಿಕ್ಸನ್ 1985ರಲ್ಲಿ ಕೋರ್ಟಿಗೆ ಹೋದ, 1987ರಲ್ಲಿ ರಾಜಿ ಆಯ್ತು. ಅದೇ ಜೆಪ್ಪೆಲಿನ್ 1971ರ 'ವೆನ್ ದ ಲೆವಿ ಬ್ರೇಕ್ಸ್'ನಲ್ಲಿ ಮೂಲ ಹಾಡಿನ ಮೆಂಫಿಸ್ ಮಿನ್ನಿ ಹೆಸರನ್ನ ತಮ್ಮ ಹೆಸರಿನ ಜೊತೆ ಹಾಕಿದ್ರು. ಕಾಲಂ ನಂಬೋಕಾಗಲ್ಲ ಅನ್ನೋದಕ್ಕೆ ಇನ್ನೊಂದು, ಚಿಕನ್ ಶ್ಯಾಕ್ ಬ್ಯಾಂಡಿನ 'ಐ'ಡ್ ರಾದರ್ ಗೋ ಬ್ಲೈಂಡ್', ಹಾಡಿದ್ದು ಕ್ರಿಸ್ಟೀನ್ ಪರ್ಫೆಕ್ಟ್, ಆಮೇಲೆ ಫ್ಲೀಟ್‌ವುಡ್ ಮ್ಯಾಕ್‌ನ ಕ್ರಿಸ್ಟೀನ್ ಮೆಕ್‌ವೀ ಆದಳಲ್ಲ ಅವಳೇ. ಮೂಲ ಎಟ್ಟಾ ಜೇಮ್ಸ್. ಎಟ್ಟಾ ಅದನ್ನ ಬರೆಯೋದ್ರಲ್ಲಿ ಸೇರಿದ್ದೂ ಟ್ಯಾಕ್ಸ್ ತಾಪತ್ರಯಕ್ಕೆ ತನ್ನ ಹೆಸರು ಬಿಟ್ಟು ಬೇರೆಯೋರ ಹೆಸರು ಹಾಕಿಸಿದೆ ಅಂತ ಆಮೇಲೆ ತಾನೇ ಹೇಳ್ಕೊಂಡಿದ್ದಾಳೆ. ಈಗ ನಾನು ಕಾಲಂನಲ್ಲಿ ಏನ್ ಬರೀಲಿ ಹೇಳಿ. ಪ್ರಿಂಟ್ ಆಗಿದ್ದನ್ನೇ ಬರೀತೀನಿ, ಬಾಯಲ್ಲಿ ಮಾತ್ರ ಎರಡೂ ಹೇಳ್ತೀನಿ.

ಮಾಡೋ ಕ್ರಮಕ್ಕೆ ಬರ್ತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ. ಮೊದಲು ನಾನು ಮೂಲ ಹಾಡು ಹಾಕಿ ಆಮೇಲೆ ಬ್ರಿಟಿಷ್ ಬ್ಯಾಂಡ್ ಹಾಕ್ತಿದ್ದೆ, ಅದು ಇತಿಹಾಸದ ಪಾಠ ಆಗ್ಬಿಡ್ತಿತ್ತು, ಜನ ಅಡುಗೆ ಮನೆಗೆ ಎದ್ದು ಹೋಗೋರು. ಈಗ ಉಲ್ಟಾ, ಎಲ್ಲರಿಗೂ ಗೊತ್ತಿರೋದು ಮೊದಲು, ಅದು ಮುಗೀತಿದ್ದ ಹಾಗೆ ಒಂದೇ ವಾಕ್ಯ ಹೇಳಿ ಮೂಲಕ್ಕೆ ಬಿಡ್ತೀನಿ, ಓ ಇದಾ ಅದು ಅಂತ ಅವರಿಗೇ ಗೊತ್ತಾಗಬೇಕು. ದೊಡ್ಡ ತೊಂದ್ರೆ ಸದ್ದಿನದ್ದು. 1929ರ, ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನ ತಟ್ಟೆಯಿಂದ ತೆಗೆದ ರೆಕಾರ್ಡಿಂಗ್ ಚರಚರ ಅಂತ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ಅದರ ಪಕ್ಕ ಜೆಪ್ಪೆಲಿನ್‌ನ ಬಾನಮ್ ಡ್ರಮ್ಸ್ ಬಂದ್ರೆ ಕಿವಿಗೆ ಹೊಡೆದ ಹಾಗೆ. ಮೀಟರ್ ನೋಡಿ ಎರಡೂ ಒಂದೇ ಮಟ್ಟಕ್ಕೆ ಇಟ್ರೂ ಕಿವಿಗೆ ಒಂದೇ ಅನ್ಸಲ್ಲ. ಹಳೇದನ್ನ ಮನೆಯಲ್ಲೇ ಸ್ವಲ್ಪ ಎತ್ತಿ, ತೀರಾ ಕೀರಲು ಇರೋ ಭಾಗ ಚೂರು ಇಳಿಸಿ ಇಟ್ಕೊಳ್ತೀನಿ, ಆದ್ರೆ ಚರಚರ ಪೂರ್ತಿ ತೆಗೆಯೋಕೆ ಹೋಗಲ್ಲ, ತೆಗೆದ್ರೆ ನೀರೊಳಗಿಂದ ಹಾಡಿದ ಹಾಗೆ ಆಗುತ್ತೆ. ಮತ್ತೆ ಎರಡರ ಮಧ್ಯೆ ನನ್ನ ದನಿ ಇರಲೇಬೇಕು, ಕಿವಿಗೆ ಅದೊಂದು ಮೆಟ್ಟಿಲು.

ಇಂಟ್ರೋ ಮೇಲೆ ಮಾತಾಡೋದು ರೇಡಿಯೋದವರಿಗೆಲ್ಲ ಚಟ, ಹಾಡು ಶುರುವಾಗೋ ಕ್ಷಣಕ್ಕೆ ಸರಿಯಾಗಿ ಮಾತು ನಿಲ್ಲಿಸೋದು ಒಂದು ಕಸರತ್ತು. ಬ್ಲೂಸ್ ರಾಕ್‌ನಲ್ಲಿ ಅದು ಮಾಡಬೇಡಿ, ಕೇಳೋರು ಆ ಇಂಟ್ರೋಗೋಸ್ಕರಾನೇ ಕೂತಿರ್ತಾರೆ. ಒಂದು ಸಲ ಫ್ರೀ ಬ್ಯಾಂಡಿನ ಪಾಲ್ ಕೋಸಾಫ್ ಗಿಟಾರ್ ಮೇಲೆ ಮಾತಾಡಿ ಮೂರು ಮೆಸೇಜ್ ಬಂದ್ವು, ಮೂರೂ ಬೈಗುಳ.

ಟೈಮ್ ಇನ್ನೊಂದು. ಗಂಟೆಗೆ ಸರಿಯಾಗಿ ನ್ಯೂಸ್ ತಾನಾಗೇ ಬಂದುಬಿಡುತ್ತೆ, ನೀವು ಮಾತಿನ ಮಧ್ಯೆ ಇದ್ರೂ ಬಿಡಲ್ಲ, ಹಾಗಾಗಿ ಲೆಕ್ಕ ಹಿಂದಿನಿಂದ ಹಾಕ್ಬೇಕು, ಕೊನೇ ಹಾಡು ಎಷ್ಟಕ್ಕೆ ಶುರುವಾಗ್ಬೇಕು, ಅದರ ಹಿಂದಿನದು ಎಷ್ಟಕ್ಕೆ. ಲೈವ್ ಹಾಡುಗಳು ಹತ್ತು ಹನ್ನೆರಡು ನಿಮಿಷ ಎಳೆಯೋದ್ರಿಂದ ಎರಡು ಗಂಟೆಗೆ ಇಪ್ಪತ್ತು ಹಾಡು ಹಿಡಿಸಿದ್ರೆ ಪುಣ್ಯ. ಇಲ್ಲಿ ನನ್ನ ಜೀವ ಉಳಿಸೋದು ಬಿಬಿಸಿ ಸೆಷನ್ ರೆಕಾರ್ಡಿಂಗು. ಆಗಿನ ಕಾಲದಲ್ಲಿ ಬಿಬಿಸಿ ದಿನಕ್ಕೆ ಇಷ್ಟೇ ಗಂಟೆ ರೆಕಾರ್ಡ್ ಹಾಕಬಹುದು ಅಂತ ಸಂಗೀತಗಾರರ ಯೂನಿಯನ್ ಮತ್ತೆ ರೆಕಾರ್ಡ್ ಕಂಪನಿಗಳ ಜೊತೆ ಒಪ್ಪಂದ ಇತ್ತು, ನೀಡಲ್ ಟೈಮ್ ಅಂತಾರೆ, ಮಿಕ್ಕ ಹೊತ್ತಿಗೆ ಬ್ಯಾಂಡುಗಳನ್ನೇ ಸ್ಟುಡಿಯೋಗೆ ಕರೆಸಿ ನುಡಿಸೋರು. ಆ ನಿರ್ಬಂಧದಿಂದ ಕ್ರೀಮ್, ಜೆಪ್ಪೆಲಿನ್, ಫ್ಲೀಟ್‌ವುಡ್ ಮ್ಯಾಕ್ ಎಲ್ಲರದ್ದೂ ಚಿಕ್ಕ, ಬಿಗಿ ರೆಕಾರ್ಡಿಂಗ್ ಉಳೀತು. ರೇಡಿಯೋಗೆ ಅಂತಲೇ ಮಾಡಿದ್ದು, ಹಾಗಾಗಿ ರೇಡಿಯೋದಲ್ಲಿ ಕೂರುತ್ತೆ.

ಉದ್ದ ಹಾಡಿನಿಂದ ಉಪಕಾರವೂ ಆಗಿದೆ ಅನ್ನಿ. ಕ್ರೀಮ್‌ನ 'ವೀಲ್ಸ್ ಆಫ್ ಫೈರ್'ನಲ್ಲಿ 'ಸ್ಪೂನ್‌ಫುಲ್' ಲೈವ್ 16 ನಿಮಿಷದ ಮೇಲಿದೆ, ಅದನ್ನ ಹಾಕಿ ಟಾಯ್ಲೆಟ್‌ಗೆ ಹೋದೆ, ಬಂದು ನೋಡಿದ್ರೆ ಸ್ಟುಡಿಯೋ ಬಾಗಿಲು ತಾನೇ ಲಾಕ್, ಬೀಗದ ಟ್ಯಾಗು ಒಳಗೆ ನನ್ನ ಜಾಕೆಟ್ಟಲ್ಲಿ, ಫೋನೂ ಒಳಗೆ. ಕೆಳಗೆ ಓಡಿದೆ, ಹಾಲ್‌ನಲ್ಲಿ ಯೋಗ ಕ್ಲಾಸು, ಎಲ್ಲರೂ ಕಣ್ಣು ಮುಚ್ಚಿ ಶವಾಸನದಲ್ಲಿದ್ದಾರೆ, ಅವರಲ್ಲಿ ಒಬ್ಬರನ್ನ ಎಬ್ಬಿಸಿ ಅವರ ಫೋನಿಂದ ತಾತನಿಗೆ ಮಾಡಿದ್ರೆ ಅವರು ಅಲ್ಲೇ ಪಕ್ಕದ ಬೀದಿಯಲ್ಲಿದ್ರು, ಚಪ್ಪಲಿಯಲ್ಲೇ ಬಂದು ಬಾಗಿಲು ತೆಗೆದ್ರು. ಒಳಗೆ ಕೂತಾಗ ಕ್ರೀಮ್‌ನ ಗಿಟಾರಿಸ್ಟ್ ಎರಿಕ್ ಕ್ಲ್ಯಾಪ್ಟನ್ ಇನ್ನೂ ನುಡಿಸ್ತಾನೇ ಇದ್ದ. ಅದೂ ವಿಲ್ಲಿ ಡಿಕ್ಸನ್ ಬರೆದಿದ್ದೇ, ಕಾಲಂ ತುಂಬುವಾಗ ಮನಸ್ಸಲ್ಲೇ ಕೈ ಮುಗಿದೆ.

ಇನ್ನೊಂದು ಸಲ ಡೆಸ್ಕಿಂದ ಹೋಗೋ ಒಂದು ಕೇಬಲ್ ಸಡಿಲ ಆಗಿ ಎಡಗಡೆ ಚಾನೆಲ್ ಹೋಗಿತ್ತು. ಈಗಿನ ಹಾಡಾದ್ರೆ ಸದ್ದು ಸ್ವಲ್ಪ ಕಮ್ಮಿ ಅನ್ಸುತ್ತೆ ಅಷ್ಟೇ, ಅರವತ್ತರ ದಶಕದ ಸ್ಟೀರಿಯೋದಲ್ಲಿ ಗಿಟಾರ್ ಪೂರಾ ಒಂದು ಕಡೆ ಡ್ರಮ್ಸ್ ಪೂರಾ ಇನ್ನೊಂದು ಕಡೆ ಹಾಕಿಬಿಡೋರು, ಹಾಗಾಗಿ ಇಪ್ಪತ್ತು ನಿಮಿಷ ನಾನು ಗಿಟಾರ್ ಇಲ್ಲದ ಬ್ಲೂಸ್ ರಾಕ್ ಪ್ರಸಾರ ಮಾಡಿದ್ದೀನಿ. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಇಟ್ಕೊಳ್ಳೋ ಸ್ಟೈಲು ನನ್ನದು, ಆ ಕಿವಿ ಎಡಗಡೇದು, ಅದಕ್ಕೆ ಡೆಸ್ಕಿಂದ ಸರಿಯಾಗೇ ಬರ್ತಿತ್ತು, ತೊಂದ್ರೆ ಇದ್ದಿದ್ದು ಡೆಸ್ಕ್ ಆದ್ಮೇಲೆ. ಈಗ ಟೇಬಲ್ ಮೇಲೆ ಒಂದು ಚಿಕ್ಕ ರೇಡಿಯೋ ಇಟ್ಟಿದ್ದೀನಿ, ಹಾಡು ಹೋಗುವಾಗ ಅದರಲ್ಲಿ ಹೊರಗಡೆ ಏನ್ ಬರ್ತಿದೆ ಅಂತ ಕೇಳ್ತೀನಿ.

ಇಷ್ಟು ದಿನದಲ್ಲಿ ಸಮಾಧಾನ ಕೊಟ್ಟ ಶೋ ಅಂದ್ರೆ ಜಾನ್ ಮೇಯಲ್‌ದು. 2024ರ ಜುಲೈ 22ರ ಸೋಮವಾರ ತೀರಿಕೊಂಡ್ರು, 90 ವರ್ಷ. ನನ್ನ ಶೋ ಗುರುವಾರ 25ಕ್ಕೆ, ಅದು ಗಿಟಾರಿಸ್ಟ್ ಪೀಟರ್ ಗ್ರೀನ್ ತೀರಿಕೊಂಡು ಸರಿಯಾಗಿ ನಾಲ್ಕು ವರ್ಷದ ದಿನ. ಎರಡು ರಾತ್ರಿ ಕೂತು ಕಟ್ಟಿದೆ. ಮೇಯಲ್‌ರ ಬ್ಯಾಂಡ್ ಬ್ಲೂಸ್‌ಬ್ರೇಕರ್ಸ್ ಅಂದ್ರೆ ನಮ್ಮ ಗುಬ್ಬಿ ಕಂಪನಿ ಇದ್ದ ಹಾಗೆ, ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಎಲ್ಲ ಅಲ್ಲಿಂದ ಹೊರಬಿದ್ದ ಥರ ಇಲ್ಲಿಂದ ಕ್ಲ್ಯಾಪ್ಟನ್ ಹೋಗಿ ಕ್ರೀಮ್ ಕಟ್ಟಿದ, ಪೀಟರ್ ಗ್ರೀನ್ ಹೋಗಿ 1967ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ಮಾಡಿದ, ಮಿಕ್ ಟೇಲರ್ ಸ್ಟೋನ್ಸ್ ಸೇರಿದ, ಹದಿನೈದು ವರ್ಷದ ಹುಡುಗ ಆಂಡಿ ಫ್ರೇಸರ್ ಕೆಲವು ವಾರ ಇದ್ದು ಫ್ರೀ ಬ್ಯಾಂಡಿಗೆ ಹೋದ. ಹಾಡಿನ ಕ್ರಮವನ್ನ ವಂಶವೃಕ್ಷದ ಥರ ಇಟ್ಟೆ, ಪ್ರತಿ ಸಲ ಮೇಯಲ್‌ಗೆ ವಾಪಸ್ ಬಂದು ಇನ್ನೊಂದು ಕೊಂಬೆಗೆ ಹೋಗೋದು. ಶುರು ಮಾತ್ರ ಎಲ್ಲರೂ ಅಂದ್ಕೊಳ್ಳೋ 1966ರ ಕ್ಲ್ಯಾಪ್ಟನ್ ಆಲ್ಬಂನಿಂದ ಅಲ್ಲ, 1964ರ ಡಿಸೆಂಬರ್‌ನಲ್ಲಿ ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ಕ್ಲೂಕ್ಸ್ ಕ್ಲೀಕ್ ಕ್ಲಬ್ಬಲ್ಲಿ ಮಾಡಿದ ಲೈವ್‌ನಿಂದ. ಪಕ್ಕದ ಕಟ್ಟಡವೇ ಡೆಕ್ಕಾ ಸ್ಟುಡಿಯೋ, ಕ್ಲಬ್ಬಿಂದ ಅಲ್ಲಿಗೆ ಕೇಬಲ್ ಎಳೆದು ರೆಕಾರ್ಡ್ ಮಾಡಿದ್ರು. ಇದನ್ನ ಹೇಳಿದಾಗ ಗಾಜಿನ ಆ ಕಡೆ ಕೂತಿದ್ದ ತಾತ ಹೆಬ್ಬೆರಳು ಎತ್ತಿದ್ರು, ಕೇಬಲ್ ಅಂದ್ರೆ ಅವರಿಗೆ ಖುಷಿ.

ಕೇಳೋರ ಹೆಸರು ಓದೋದು ಮಾತ್ರ ಆಕಾಶವಾಣಿಯಿಂದ ಎತ್ತಿದ್ದು, ಒಪ್ಕೊಳ್ತೀನಿ. ಚಿಕ್ಕವನಿದ್ದಾಗ ಕೋರಿಕೆ ಕಾರ್ಯಕ್ರಮದಲ್ಲಿ ಊರು, ಹೆಸರು, ಮನೆಮಂದಿಯೆಲ್ಲರ ಹೆಸರು ಓದ್ತಿದ್ರಲ್ಲ, ಹಾಡಿಗಿಂತ ಅದು ಉದ್ದ ಇರ್ತಿತ್ತು. ನಾನೂ ಹಾಗೇ, ಹ್ಯಾನ್‌ವೆಲ್‌ನಿಂದ ಇಂಥವರು, ಆಕ್ಟನ್‌ನಿಂದ ಇಂಥವರು ಮತ್ತವರ ನಾಯಿ ಅಂತ ಓದ್ತೀನಿ. ಇಲ್ಲಿಯವರಿಗೆ ಅದು ಹೊಸದು ಅನ್ಸಿ ತಮ್ಮ ಬೆಕ್ಕಿನ ಹೆಸರೂ ಕಳಿಸ್ತಾರೆ.

ಕೊನೇ ಹಾಡು ಪ್ರತಿ ವಾರ ಒಂದೇ, ಫ್ಲೀಟ್‌ವುಡ್ ಮ್ಯಾಕ್‌ನ 'ಆಲ್ಬಟ್ರಾಸ್'. ಭಾವನೆ ಗೀವನೆ ಏನಿಲ್ಲ, ಅದರಲ್ಲಿ ಮಾತಿಲ್ಲ, ಮೂರು ನಿಮಿಷ ಚಿಲ್ಲರೆ, ನ್ಯೂಸ್‌ಗೆ ಎಷ್ಟೇ ಸೆಕೆಂಡ್ ಉಳಿದಿದ್ರೂ ಎಲ್ಲಿ ಬೇಕಾದ್ರೂ ಮೆಲ್ಲಗೆ ಇಳಿಸಬಹುದು, ಯಾರಿಗೂ ಕತ್ತರಿಸಿದ ಹಾಗೆ ಅನ್ಸಲ್ಲ. ಶೀಟಲ್ಲೂ ಅದೊಂದು ಸಾಲು ಯೋಚನೆ ಮಾಡದೆ ಬರೀತೀನಿ, ಕಂಪೋಸರ್ ಪೀಟರ್ ಗ್ರೀನ್. ಹುಟ್ಟಿದ ಹೆಸರು ಗ್ರೀನ್‌ಬಾಮ್ ಅಂತ ಆಮೇಲೆ ಗೊತ್ತಾಯ್ತು, ಕಾಲಂನಲ್ಲಿ ಜಾಗ ಕಮ್ಮಿ, ಗ್ರೀನ್ ಅಂತಲೇ ಬಿಟ್ಟಿದ್ದೀನಿ.